ಮೂವತ್ತೊಂದನೆಯ ಪುಟ

ಶಿಷ್ಯ ನಿಜಗುಣ ಕೇಳಿದ: “ಗುರುಗಳೇ, ನಾನು ಬಾಯಿಬಿಟ್ಟು ಒಂದು ಸುಳ್ಳೂ ಹೇಳುವುದಿಲ್ಲ. ಸತ್ಯವಂತ ಅನ್ನಿಸಿಕೊಳ್ಳಲು ಇಷ್ಟು ಸಾಲದೇ?”

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. “ನಿನಗೆ ನೀನೇ ಸರ್ಟಿಫಿಕೇಟು ಬರೆದುಕೊಂಡು ಬಂದಿದ್ದೀಯ. ನನ್ನದು ಬರೀ ಸಹಿ ಬೇಕೇನಪ್ಪ? ಕೂತುಕೋ” ಎಂದು ಕತೆ ಹೇಳತೊಡಗಿದರು.

ಒಬ್ಬ ಗಣಿತಜ್ಞನಿದ್ದ. ದಾವಣಗೆರೆಯಲ್ಲಿ ಓದಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಸಮುದ್ರ ದಾಟಿ ಹೋದವನು. ಅವನ ತಲೆಯಲ್ಲಿ ಇದ್ದದ್ದು ಒಂದೇ ಪ್ರಮೇಯ. ಅದುವರೆಗೆ ಯಾರೂ ಸಾಧಿಸದೆ ಬಿಟ್ಟದ್ದು. ‘ಸಾಧಿಸಿಯೇ ಊರಿಗೆ ಬರುತ್ತೇನೆ’ ಎಂದು ಹೇಳಿ ಹೋಗಿದ್ದ. ಹೇಳಿದ ಹಾಗೆಯೇ ನಡೆದ, ಮಹಾರಾಯ. ತಂಗಿಯ ಮದುವೆಗೂ ಬರಲಿಲ್ಲ. ದೊಡ್ಡ ಪ್ರೊಫೆಸರಾದ, ತಲೆ ನರೆಯಿತು, ಪ್ರಮೇಯ ಮಾತ್ರ ಬಗ್ಗಲಿಲ್ಲ.

ಅವರಲ್ಲೊಂದು ಪದ್ಧತಿ. ಯಾರಾದರೂ ಹೊಸ ಲೇಖನ ಬರೆದರೆ, ಪತ್ರಿಕೆಯವರು ಅದನ್ನು ವಿಷಯ ಬಲ್ಲ ಒಬ್ಬರಿಗೆ ಪರೀಕ್ಷೆಗೆ ಕಳಿಸುತ್ತಾರೆ. ಪರೀಕ್ಷಿಸಿದವರು ಯಾರೆಂದು ಬರೆದವರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಹಾಗೆ ಒಂದು ಲೇಖನ ಇವನ ಕೈಗೆ ಬಂತು. ಬರೆದವಳು ಶಾಂಭವಿ ಹೂಗಾರ, ಅದೇ ದೇಶಕ್ಕೆ ಹೋಗಿದ್ದ ನಮ್ಮ ಕಡೆಯ ಹುಡುಗಿ. ಸಾಧಿಸಿದ್ದು ಇವನ ಪ್ರಮೇಯವನ್ನೇ. ಜೊತೆಗೆ ಸಂಪಾದಕರ ಚೀಟಿ: ಬೇಗ ತಿಳಿಸಿ, ಇದು ಅಚ್ಚಾಗದಿದ್ದರೆ ಜೂನ್‌ಗೆ ಇವಳ ಕೆಲಸ ಹೋಗುತ್ತದೆ, ದೇಶ ಬಿಡಬೇಕಾಗುತ್ತದೆ.

ಕೊನೆಯವರೆಗೂ ಓದಿದ. ಎಲ್ಲವೂ ಸರಿಯಾಗಿತ್ತು. ಮೂವತ್ತೊಂದನೆಯ ಪುಟದಲ್ಲಿ ಮಾತ್ರ ಒಂದು ಹೆಜ್ಜೆ ತಪ್ಪಿತ್ತು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದು ಒಂದು ಗಂಟೆಯೂ ಉಳಿಯಲಿಲ್ಲ. ಆ ತಪ್ಪನ್ನು ಸರಿಪಡಿಸುವ ನಾಲ್ಕು ಸಾಲು ಅವನ ಹಳೆಯ ನೋಟುಪುಸ್ತಕದಲ್ಲೇ ಇದ್ದವು. ಹನ್ನೆರಡು ವರ್ಷದ ಹಿಂದೆ ಅವನೇ ಬರೆದಿಟ್ಟದ್ದು.

ಮೂರು ವಾರ ಅವನಿಗೆ ಊಟ ಸೇರಲಿಲ್ಲ. ಅವನ ಮೊದಲ ಲೇಖನದಲ್ಲೂ ಹೀಗೇ ಒಂದು ತಪ್ಪಿತ್ತು. ಯಾರೋ ಪರೀಕ್ಷಕರು ಎರಡು ಸಾಲು ಬರೆದು ತಿದ್ದಿಕೊಟ್ಟಿದ್ದರು, ಅದರಿಂದಲೇ ಅವನಿಗೆ ಕೆಲಸ ಸಿಕ್ಕಿದ್ದು. ಅದು ನೆನಪಾಗಲಿಲ್ಲ ಎಂದು ನಾನು ಹೇಳಲಾರೆ. ಕೊನೆಯ ದಿನ ಬಂತು. ವರದಿಯ ಕೆಳಗೆ ಆ ನಾಲ್ಕು ಸಾಲು ಬರೆದ. ನೋಡಿದ. ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ತಪ್ಪು ತೋರಿಸುವುದಷ್ಟೇ ನನ್ನ ಕೆಲಸ, ತಿದ್ದುವುದಲ್ಲ ಎಂದುಕೊಂಡ. ‘ಮೂವತ್ತೊಂದನೆಯ ಪುಟದಲ್ಲಿ ಸಾಧನೆ ಮುರಿಯುತ್ತದೆ, ಹೀಗಿರುವಂತೆ ಅಚ್ಚಿಗೆ ಯೋಗ್ಯವಲ್ಲ’ ಎಂದು ಕಳಿಸಿಬಿಟ್ಟ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಹುಡುಗಿಯ ಕೆಲಸ ಹೋಯಿತು. ತಪ್ಪು ಹಾಗೇ ಉಳಿದಿದ್ದ ಲೇಖನವನ್ನು ಎಲ್ಲರೂ ಓದಲೆಂದು ಅಂತರ್ಜಾಲದಲ್ಲಿ ಹಾಕಿ ಹಿಂದಿರುಗಿದಳು. ಎರಡು ವರ್ಷದ ನಂತರ ಇವನು ಆ ನಾಲ್ಕು ಸಾಲು ಸೇರಿಸಿ ಪ್ರಮೇಯವನ್ನು ಪ್ರಕಟಿಸಿದ. ಮೊದಲ ಪುಟದಲ್ಲೇ ಅವಳ ಹೆಸರು ಹಾಕಿ, ಅವಳ ಪ್ರಯತ್ನದಿಂದ ಉಪಕಾರವಾಯಿತು ಎಂದು ಬರೆದ. ಅದೂ ನಿಜವೇ ತಾನೇ?

ಆಮೇಲೆ ಊರಿಗೆ ಬಂದ. ಓದಿದ ಕಾಲೇಜಿನಲ್ಲಿ ಸನ್ಮಾನ. ಸಭೆ ಮುಗಿದ ಮೇಲೆ ಒಬ್ಬಳು ಹತ್ತಿರ ಬಂದು, “ನಾನು ಶಾಂಭವಿ ಸಾರ್. ರಾಣೆಬೆನ್ನೂರಿನಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಆ ನಾಲ್ಕು ಸಾಲು ನಿಮಗೆ ಯಾವಾಗ ಹೊಳೆಯಿತು?” ಎಂದಳು.

ಪರೀಕ್ಷಿಸಿದವನು ನಾನೇ ಎಂದು ಈಗಲಾದರೂ ಅವನು ಹೇಳಿಬಿಡಬಹುದಿತ್ತು. “ನಿನ್ನ ಲೇಖನಕ್ಕೂ ಬಹಳ ಮೊದಲೇ ಅಮ್ಮ” ಎಂದ.

“ಆಗ ನಿಮ್ಮ ಪರಿಚಯ ಇರಲಿಲ್ಲ ನೋಡಿ. ಇದ್ದಿದ್ದರೆ ನಿಮ್ಮನ್ನೇ ಕೇಳುತ್ತಿದ್ದೆ.”

“ಕೇಳಿದ್ದರೆ ಹೇಳುತ್ತಿದ್ದೆ.”

ಅವಳು ನಮಸ್ಕರಿಸಿ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಅವನು ಅವಳು ಹೋದ ಬಾಗಿಲನ್ನೇ ನೋಡುತ್ತ ನಿಂತ. ಹಿಂದೆ ಕರೆಯಬೇಕೆನಿಸಿತು, ಕರೆಯಲಿಲ್ಲ.

ಗುರುಗಳು ಕತೆ ಮುಗಿಸಿದರು. ನಿಜಗುಣ, “ಆದರೂ ಗುರುಗಳೇ, ಅವನು ಒಂದು ಸುಳ್ಳನ್ನೂ ಹೇಳಲಿಲ್ಲವಲ್ಲ” ಎಂದ.

“ಹೇಳಿದ್ದರೆ ಎಷ್ಟೋ ವಾಸಿಯಿತ್ತು,” ಎಂದರು ಗುರುಗಳು, “ತಪ್ಪಾಯಿತು ಎಂದು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೆ ಒಂದು ಮಾತಾದರೂ ಇರುತ್ತಿತ್ತು.”