ದವಡೆಯ ಪಾಲು

"ಗುರುಗಳೇ, ಅಪ್ಪನ ನೆನಪಿಗೆ ಕಲ್ಲು ನಿಲ್ಲಿಸುತ್ತಿದ್ದೇನೆ. ಏನು ಕೆತ್ತಿಸಿದರೆ ಜನ ಅವನನ್ನು ಮರೆಯುವುದಿಲ್ಲ?" ಎಂದು ಶಿಷ್ಯ ಸಂಕಣ್ಣ ಕೇಳಿದ. ನಾಲ್ಕಾರು ಒಕ್ಕಣೆಗಳು ಅವನ ತಲೆಯಲ್ಲಿ ಆಗಲೇ ಸಿದ್ಧವಿದ್ದವು; ಯಾವುದು ಚೆಂದವೆಂದು ತಿಳಿಯದೆ ಒದ್ದಾಡುತ್ತಿದ್ದ.

ಗುರುಗಳು ನಕ್ಕರು. "ಮೂಡಣ ಕಡಲಿನಾಚೆ ನಿಯಾಸ್ ಎಂಬ ದ್ವೀಪವಿದೆ. ಅಲ್ಲಿಯೂ ಹಿರಿಯರಿಗೆ ಆಳೆತ್ತರದ ಕಲ್ಲು ನಿಲ್ಲಿಸುತ್ತಾರೆ. ಅದರ ಮೇಲೆ ಒಂದಕ್ಷರವೂ ಇರುವುದಿಲ್ಲ."

"ಮತ್ತೆ ಅದು ಯಾರ ಕಲ್ಲೆಂದು ಹೇಗೆ ತಿಳಿಯುತ್ತದೆ?" ಸಂಕಣ್ಣನಿಗೆ ತನ್ನ ಒಕ್ಕಣೆಗಳೇ ಮರೆತುಹೋದವು.

ಗುರುಗಳು ಕತೆ ಹೇಳಿದರು.

ಆ ದ್ವೀಪದಲ್ಲಿ ಒಬ್ಬ ರೈತನಿದ್ದ. ತಂದೆಗೊಂದು ಕಲ್ಲು ನಿಲ್ಲಿಸದೆ ತಾನು ಸಾಯಬಾರದು ಎಂಬುದೊಂದೇ ಅವನ ಹಂಬಲ. ಅಲ್ಲಿನ ಪದ್ಧತಿಯಂತೆ, ಕಲ್ಲು ನಿಲ್ಲಿಸುವವನು ಹಂದಿ ಕಡಿದು ಊರಿಗೆಲ್ಲ ಊಟ ಹಾಕಬೇಕು. ಉಂಡವರು ಹಗ್ಗ ಹಿಡಿದು ಕಲ್ಲೆಳೆಯಬೇಕು. ಹಂದಿಯ ದವಡೆ ಮರ್ಯಾದೆಯ ಪಾಲು. ಅದು ಸೋದರಮಾವನಿಗೆ ಸಲ್ಲಬೇಕು. ಈ ರೈತನ ಮಾವನೋ ಹರಕು ಗುಡಿಸಲಿನ ಬಡವ. 'ಅವನಿಗೆ ಯಾವ ತುಂಡಾದರೇನು' ಎಂದುಕೊಂಡ ರೈತ, ದವಡೆಯನ್ನು ಪಕ್ಕದೂರಿನ ಯಜಮಾನನ ಮುಂದಿಟ್ಟ. ಮಾವ ಎದ್ದ. ಕೈ ತೊಳೆದುಕೊಂಡು ಮನೆಗೆ ಹೋದ.

ಊರಿಗೆ ಊರೇ ಉಂಡಿತು. ಕಲ್ಲನ್ನು ಮರದ ದಿಮ್ಮಿಗಳ ಮೇಲೇರಿಸಿ ಎಳೆಯಿತು. ಮಾವನ ಗುಡಿಸಲ ಮುಂದೆ ಬಂದದ್ದೇ ಎಲ್ಲರೂ ಹಗ್ಗ ಬಿಟ್ಟರು.

ರೈತನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಹೊಟ್ಟೆ ಬಿರಿಯ ಉಂಡಿರಲ್ಲ! ಇಷ್ಟು ಜನರ ರಟ್ಟೆ ಸಾಲದೇನು?"

ಒಬ್ಬ ಮುದುಕಿ ಹೇಳಿದಳು: "ಎಳೆಯೋಕೆ ಸಾಕಪ್ಪ. ಆದರೆ ನಾಳೆ ನನ್ನ ಮೊಮ್ಮಕ್ಕಳು, ಇದು ಯಾರ ಕಲ್ಲಜ್ಜಿ ಅಂತ ಕೇಳ್ತಾರೆ. ಆಗ ನಿನ್ನ ಅಪ್ಪನ ಕತೆ ಹೇಳಲೋ, ಮಾವನ ಮರ್ಯಾದೆ ತೆಗೆದ ಮಗನ ಕತೆ ಹೇಳಲೋ?"

ರೈತನಿಗೆ ನಾಚಿಕೆಯಾಯಿತು. ತಂದೆಯ ಕಲ್ಲು ನಡುದಾರಿಯಲ್ಲಿ ಬಿದ್ದಿತ್ತು. ಮನೆಯಲ್ಲಿ ಉಳಿದಿದ್ದ ಒಂದೇ ಹಂದಿಯನ್ನು ಕಡಿಸಿದ. ದವಡೆಯನ್ನು ಎಲೆಯಲ್ಲಿಟ್ಟು ತಾನೇ ಹೊತ್ತು ತಂದು, ಮಾವನ ಮುಂದೆ ತಲೆ ತಗ್ಗಿಸಿ ನಿಂತ. ಮಾವ ಎದ್ದು ಬಂದು ಹಗ್ಗಕ್ಕೆ ಕೈ ಹಚ್ಚಿದ. ಸಂಜೆಯೊಳಗೆ ಕಲ್ಲು ನಿಂತಿತು.

"ಎಂಥ ಚೆಂದದ ಪದ್ಧತಿ!" ಎಂದ ಸಂಕಣ್ಣ. "ಹಾಗಾದರೆ ನಾನು ಏನು ಕೆತ್ತಿಸಲಿ, ಗುರುಗಳೇ?"

ಗುರುಗಳು ಕೇಳಿದರು: "ಕಲ್ಲು ನಿಲ್ಲಿಸುವ ದಿನದ ಊಟಕ್ಕೆ ನೀನು ಮಾತು ಬಿಟ್ಟಿರುವ ತಮ್ಮನನ್ನು ಕರೆದಿದ್ದೀಯಾ?"