ಅಂಗಳ ನೋಡಿ ಹಿತ್ತಲು ಅಳೆದ ಯಂತ್ರ

ಬಸ್ಸು ಓಡಿಸುವ ಹುಲಗಪ್ಪನ ಕಣ್ಣಿಗೆ ಪೊರೆ ಬಂತು ಕಣ್ರಪ್ಪ. ಪೊರೆ ತೆಗೆದು ಒಳಗೆ ಮಸೂರ ಕೂರಿಸಬೇಕು, ಅದಕ್ಕೆ ಮೊದಲು ಕಣ್ಣಿನ ಉಬ್ಬು ಅಳೆಯಬೇಕು. ಅವನು ಯಂತ್ರದ ಮೇಲೆ ಗದ್ದವಿಟ್ಟು ಕೂತ.

ಕಣ್ಣು ಹೇಳಿತು: "ಅಣ್ಣಾ, ತಡಿ. ಬಸ್ಸಿನ ಕೆಲಸ ಸಿಗಲೆಂದು ಇವನು ಹರೆಯದಲ್ಲೇ ಲೇಸರ್ ಮಾಡಿಸಿ ಕನ್ನಡಕ ಬಿಟ್ಟವನು. ನನ್ನ ಗಾಜಿನಂಥ ಮೇಲ್ಪದರದ ಮುಂಬದಿಯನ್ನು ಕೆತ್ತಿ ಚಪ್ಪಟೆ ಮಾಡಿದ್ದಾರೆ, ಹಿಂಬದಿ ಹುಟ್ಟಿದಾಗಿನಂತೆಯೇ ಇದೆ. ಎರಡನ್ನೂ ಅಳೆ."

"ಮುಂಬದಿ ನೋಡಿಯೇ ಹಿಂಬದಿಯ ಲೆಕ್ಕ ಹೇಳುವವನು ನಾನು," ಎಂದಿತು ಯಂತ್ರ. "ಊರಿನ ಕಣ್ಣೆಲ್ಲ ಹಾಗೇ ಅಳೆದಿದ್ದೇನೆ. ನಿನಗೇನು ಕೊಂಬಿದೆಯೇ?"

"ಕೊಂಬಿಲ್ಲಪ್ಪ, ಗಾಯವಿದೆ. ಅಗೆದ ಅಂಗಳ ನೋಡಿ ಹಿತ್ತಲಿನ ಅಳತೆ ಹೇಳುತ್ತೀಯಾ? ದೂರ ಕಾಣದಿದ್ದರೆ ಇವನ ಅನ್ನ ಹೋಗುತ್ತದೆ."

"ಮಿಟುಕಿಸಬೇಡ!" ಎಂದು ಗದರಿ ಯಂತ್ರ ತನ್ನ ಅಂಕಿ ಕೊಟ್ಟಿತು. ಆ ಅಂಕಿಯ ಮಸೂರವೇ ಒಳಗೆ ಕೂತಿತು.

ಪಟ್ಟಿ ಬಿಚ್ಚಿದಾಗ ಹುಲಗಪ್ಪನಿಗೆ ಎದುರಿನ ಬಸ್ಸಿನ ಬೋರ್ಡು ಮಬ್ಬು, ಕೈಯಲ್ಲಿದ್ದ ಕೀಲಿಯೂ ಮಬ್ಬು. ಡಿಪೋದವರು ಆ ಕೀಲಿ ಇಸಿದುಕೊಂಡರು.

"ಏನು ಮಾಡಿದೆ ಅಣ್ಣಾ?" ಎಂದು ಮತ್ತೆ ಯಂತ್ರದ ಮುಂದೆ ಬಂದ ಕಣ್ಣು ನೀರು ಸುರಿಸಿತು.

"ನನ್ನ ಅಳತೆ ಸರಿಯಾಗಿಯೇ ಇತ್ತು, ನೀನೇ ಸರಿಯಿಲ್ಲ," ಎಂದಿತು ಯಂತ್ರ.

ಅಷ್ಟರಲ್ಲಿ ಇನ್ನೊಬ್ಬ ಹೆಂಗಸು ಬಂದು ಗದ್ದವಿಟ್ಟಳು. ಅವಳ ಕಣ್ಣು ಏನೋ ಹೇಳಹೊರಟಿತು.

"ಮಿಟುಕಿಸಬೇಡ!" ಎಂದಿತು ಯಂತ್ರ.