ಹತ್ತನೆಯ ಸಾಕ್ಷಿ

"ರಬ್ಬಿಗಳೇ, ನನ್ನ ಜೊತೆಗಾರನನ್ನು ಯಾವಾಗ ಬದಲಿಸುತ್ತೀರಿ?"

ನಫ್ತಾಲಿ ಇದನ್ನು ನಿಂತುಕೊಂಡೇ ಕೇಳಿದ. ರಬ್ಬಿ ಎಂದರೆ ಯೆಹೂದಿಗಳ ಧರ್ಮಗುರು. ಅವರ ಪಾಠಶಾಲೆಯಲ್ಲಿ ಒಬ್ಬನೇ ಕೂತು ಓದುವ ಪದ್ಧತಿಯಿಲ್ಲ. ಇಬ್ಬಿಬ್ಬರು ಒಂದೇ ಗ್ರಂಥದ ಮುಂದೆ ಕೂತು, ಒಬ್ಬ ಹೇಳಿದ್ದನ್ನು ಇನ್ನೊಬ್ಬ ಕೆದಕುತ್ತ, ಜಗಳವಾಡುತ್ತ ಓದಬೇಕು. ನಫ್ತಾಲಿಯ ಪಾಲಿಗೆ ಬಂದವನು ಹಾನೋಕ್. ಈಗಲೂ ಇಬ್ಬರೂ ಒಟ್ಟಿಗೇ ಬಂದಿದ್ದರು. ಹಾನೋಕನನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ನಫ್ತಾಲಿ ಒಳಗೆ ನುಗ್ಗಿದ್ದ. ಮನಸ್ಸು ಕುದಿಯುತ್ತಿತ್ತು. ಬಾಗಿಲು ಎಳೆದುಕೊಳ್ಳುವುದೂ ಅವನಿಗೆ ನೆನಪಾಗಿರಲಿಲ್ಲ.

ರಬ್ಬಿ ಶೆಮಾಯ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಏನಾಯಿತು?" ಎಂದರು.

"ಒಂದು ಪುಟಕ್ಕೆ ಒಂದು ವಾರ ಹಿಡಿಯುತ್ತದೆ. ಒಂದೇ ಮಾತನ್ನು ಮೂರು ಸಲ ಕೇಳುತ್ತಾನೆ. ಉಳಿದ ಜೋಡಿಗಳೆಲ್ಲ ಎಷ್ಟೋ ಮುಂದೆ ಹೋದವು. ಅವನ ತಲೆಗೆ ಏನೂ ಹತ್ತುವುದಿಲ್ಲ. ಅವನ ಜೊತೆ ಸೇರಿ ನನ್ನ ಬುದ್ಧಿಗೂ ತುಕ್ಕು ಹಿಡಿಯುತ್ತಿದೆ. ಹೀಗೇ ಆದರೆ ನಾನು ರಬ್ಬಿಯಾದ ಹಾಗೇ."

ರಬ್ಬಿ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು, ಕೂತುಕೋ ಎಂದು ಕೈ ಮಾಡಿದರು. ನಫ್ತಾಲಿ ಕೂತ. ಕಾಲು ಮಾತ್ರ ಅಲುಗುತ್ತಲೇ ಇತ್ತು. ರಬ್ಬಿ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರಬ್ಬಿ ಇದ್ದರು. ಎಲ್ಲರ ಹಾಗಲ್ಲ. ಪ್ರಾರ್ಥನಾಮಂದಿರದಲ್ಲಿ ಕೂತರೆ ನಿದ್ದೆ ಬರುತ್ತದೆಂದು ಮೀನುಪೇಟೆಯ ಗದ್ದಲದ ನಡುವೆ ಪಾಠ ಹೇಳುತ್ತಿದ್ದರು. ತಮ್ಮ ಕುರ್ಚಿಯಲ್ಲಿ ಶಿಷ್ಯರನ್ನು ಕೂರಿಸಿ ತಾವು ನೆಲದ ಮೇಲೆ ಕೂರುತ್ತಿದ್ದರು. ಯಾರಾದರೂ ಸರಿಯಾದ ಉತ್ತರ ಕೊಟ್ಟರೆ, "ಸಂತೋಷ, ಈಗ ಅದೇ ತಪ್ಪು ಅಂತ ಸಾಧಿಸು" ಎನ್ನುತ್ತಿದ್ದರು. ಗುರು ಬಂದಾಗ ಶಿಷ್ಯರು ಏಳುವುದು ಲೋಕರೂಢಿ. ಈ ರಬ್ಬಿಯ ಕಿವಿಗೆ ಒಳ್ಳೆಯ ಪ್ರಶ್ನೆಯೊಂದು ಬಿದ್ದರೆ ಸಾಕು, ಕೇಳಿದವನ ಮುಂದೆ ತಾವೇ ಎದ್ದು ನಿಲ್ಲುತ್ತಿದ್ದರು. ಊರಿನ ಹಿರಿಯರು ತಲೆ ಚಚ್ಚಿಕೊಳ್ಳುತ್ತಿದ್ದರು.

ಆ ರಬ್ಬಿಯ ಬಳಿ ಒಬ್ಬ ಜಾಣ ವಿದ್ಯಾರ್ಥಿ ಇದ್ದ. ಯಾವ ಪುಟದಲ್ಲಿ ಏನಿದೆ ಎಂಬುದು ಅವನ ನಾಲಗೆಯ ತುದಿಯಲ್ಲಿತ್ತು. ಅವನಿಗೆ ಜೊತೆಯಾಗಿ ಸಿಕ್ಕವನು ಹಗ್ಗ ಹೊಸೆಯುವವನ ಮಗ. ಒಂದು ದಿನ, ಸಿಕ್ಕ ವಸ್ತುವನ್ನು ಕಳೆದುಕೊಂಡವನಿಗೆ ಹಿಂದಿರುಗಿಸಬೇಕು ಎಂಬ ಪಾಠ ನಡೆದಿತ್ತು. ಹಗ್ಗದವನ ಮಗ ಕೇಳಿದ: "ಕಳೆದುಕೊಂಡದ್ದು ಅವನಿಗೇ ಗೊತ್ತಿಲ್ಲದಿದ್ದರೆ?" ಜಾಣ ಒಂದೇ ಉಸಿರಿಗೆ ಮೂರು ಉತ್ತರ ಒಪ್ಪಿಸಿದ. ಹಗ್ಗದವನ ಮಗ ಮತ್ತೆ ಅದನ್ನೇ ಕೇಳಿದ. ರಬ್ಬಿ ಎದ್ದು ನಿಂತದ್ದು ಅವನ ಮುಂದೆ. ಜಾಣನ ಮುಂದೆ ಮೂರು ವರ್ಷದಲ್ಲಿ ಅವರು ಒಮ್ಮೆಯೂ ಎದ್ದಿರಲಿಲ್ಲ.

ಜಾಣನಿಗೆ ಹೊಟ್ಟೆ ಉರಿಯಿತು. "ಈ ಮೊದ್ದನನ್ನು ನನ್ನ ಕೊರಳಿಗೆ ಕಟ್ಟಿ ನನ್ನ ಮೂರು ವರ್ಷ ಹಾಳು ಮಾಡಿದಿರಿ" ಎಂದು ಎಲ್ಲರೆದುರು ಕೂಗಿದ. ಗ್ರಂಥ ಮುಚ್ಚಿ ಹೊರಟೇಬಿಟ್ಟ. ರಬ್ಬಿ ಕೋಪಿಸಿಕೊಳ್ಳಲಿಲ್ಲ, ತಡೆಯಲೂ ಇಲ್ಲ. ಅವರು ಹಗ್ಗದವನ ಮಗನ ಮುಖವನ್ನೇ ನೋಡುತ್ತಿದ್ದರು. ಹೋಗುತ್ತಿದ್ದವನಿಗೆ ಅದು ಕಂಡಿತು, ಅದರ ಅರ್ಥ ತಲೆಗೆ ಹೋಗಲಿಲ್ಲ.

ಅವನು ಬೇರೆ ಊರಿನಲ್ಲಿ ಓದಿ ಹೆಸರು ಮಾಡಿದ. ತಾನೂ ಪಾಠ ಹೇಳಲು ಕೂತ. ಆಗ ಹಳೆಯ ರಬ್ಬಿಯ ಕಾಟ ಶುರುವಾಯಿತು. ಶಿಷ್ಯನೊಬ್ಬ ಸರಿಯಾಗಿ ಉತ್ತರಿಸಿದರೆ, ಇವನ ಬಾಯಿಂದ ತಾನಾಗಿ, "ಈಗ ಅದೇ ತಪ್ಪು ಅಂತ ಸಾಧಿಸು" ಎಂದು ಬರುತ್ತಿತ್ತು. ಮೀನಿನ ವಾಸನೆ ಬಂದರೆ ಪಾಠ ನೆನಪಾಗುತ್ತಿತ್ತು. ಕುರ್ಚಿಯಲ್ಲಿ ಕೂತರೆ ಮುಳ್ಳಿನ ಮೇಲೆ ಕೂತಂತಾಗುತ್ತಿತ್ತು. ಮನುಷ್ಯನಿಗೆ ಮಾಡಿದ ತಪ್ಪನ್ನು ದೇವರು ತಾನಾಗಿ ಮನ್ನಿಸುವುದಿಲ್ಲ. ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನದೊಳಗೆ ಆ ಮನುಷ್ಯನ ಮುಂದೆ ನಿಂತೇ ಕ್ಷಮೆ ಕೇಳಬೇಕು, ಅವನು ಒಪ್ಪದಿದ್ದರೆ ಮೂರು ಸಲ. ಪ್ರತಿ ಸಲವೂ, ಬರುವ ವರ್ಷ ಹೋಗೋಣ ಎಂದುಕೊಳ್ಳುತ್ತಿದ್ದ. ಹಾಗೆ ಇಪ್ಪತ್ತು ವರ್ಷ ಕಳೆಯಿತು. ರಬ್ಬಿ ತೀರಿಕೊಂಡ ಸುದ್ದಿ ಬಂತು.

"ಹತ್ತು ಮಂದಿ ಸಾಕ್ಷಿಗಳು" ಎಂದ ನಫ್ತಾಲಿ ತಟ್ಟನೆ. "ಸತ್ತವರಾದರೆ ಹತ್ತು ಮಂದಿಯನ್ನು ಸಮಾಧಿಗೆ ಕರೆದುಕೊಂಡು ಹೋಗಿ ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಹತ್ತೂ ಮಂದಿ 'ನಿನಗೆ ಕ್ಷಮೆಯಾಯಿತು' ಎನ್ನಬೇಕು."

"ನಿನಗೂ ಎಲ್ಲ ನಾಲಗೆಯ ತುದಿಯಲ್ಲೇ ಇದೆ" ಎಂದು ರಬ್ಬಿ ಮುಂದುವರಿಸಿದರು.

ಪ್ರಾಯಶ್ಚಿತ್ತದ ಉಪವಾಸ ಹಿಡಿಯುವ ದಿನ ಮಧ್ಯಾಹ್ನ ಅವನು ಆ ಊರು ಮುಟ್ಟಿದ. ಸೂರ್ಯ ಮುಳುಗಿದರೆ ಉಪವಾಸ ಶುರು, ಅಷ್ಟರೊಳಗೆ ಕ್ಷಮೆ ಸಿಗಬೇಕು. ಊರೆಲ್ಲ ಉಪವಾಸಕ್ಕೆ ಮುಂಚಿನ ಊಟದ ಗಡಿಬಿಡಿಯಲ್ಲಿತ್ತು. ಕಂಡ ಕಂಡ ಬಾಗಿಲು ತಟ್ಟಿ, ಕೈಕಾಲು ಹಿಡಿದು ಒಂಬತ್ತು ಮಂದಿಯನ್ನು ಕೂಡಿಸಿದ. ಹತ್ತನೆಯವನು ಎಲ್ಲಿಯೂ ಸಿಗಲಿಲ್ಲ. ಬಿಸಿಲು ಇಳಿಯುತ್ತಿತ್ತು. ಒಂದು ಅಂಗಳದಲ್ಲಿ ಯಾರೋ ಬಗ್ಗಿ ನಾರು ಸುತ್ತಿಡುತ್ತಿದ್ದ. ಇವನು ಅವನ ತೋಳು ಹಿಡಿದು ಎಳೆದುಕೊಂಡೇ ನಡೆದ. ಮುಖ ನೋಡಲೂ ಪುರುಸೊತ್ತಿರಲಿಲ್ಲ.

ಸಮಾಧಿಯ ಮುಂದೆ ನಿಂತು ತಪ್ಪನ್ನು ಬಿಡಿಸಿ ಹೇಳಿದ: "'ಈ ಮೊದ್ದನನ್ನು ನನ್ನ ಕೊರಳಿಗೆ ಕಟ್ಟಿ ನನ್ನ ಮೂರು ವರ್ಷ ಹಾಳು ಮಾಡಿದಿರಿ' ಎಂದು ನನ್ನ ಗುರುಗಳನ್ನು ಎಲ್ಲರೆದುರು ಅವಮಾನಿಸಿದೆ." ಒಂಬತ್ತು ಮಂದಿ "ನಿನಗೆ ಕ್ಷಮೆಯಾಯಿತು" ಎಂದರು. ಹತ್ತನೆಯವನು ಬಾಯಿ ತೆರೆಯಲಿಲ್ಲ.

"ಹೇಳಪ್ಪಾ, ಹೊತ್ತು ಮುಳುಗುತ್ತಿದೆ" ಎಂದು ಇವನು ಗೋಗರೆದ.

"ರಬ್ಬಿ ಆ ಮಾತನ್ನು ಅವತ್ತೇ ಮರೆತರು. ಅದು ಬಿದ್ದದ್ದು ಅವರ ಮೇಲಲ್ಲ" ಎಂದ ಹತ್ತನೆಯವನು. "ಇವತ್ತು ಇನ್ನೊಂದು ಸಲ ಬಿತ್ತು."

ಆಗ ಇವನು ಅವನ ಮುಖ ನೋಡಿದ. ಹಗ್ಗದವನ ಮಗ. ಇವನು ಸಮಾಧಿಯ ಕಲ್ಲಿಗೆ ಮಂಡಿ ಬಡಿದು ಕುಸಿದ. "ನಾನೀಗ ಏನು ಮಾಡಲಿ?" ಎಂದ. ಉತ್ತರ ಗೊತ್ತಿಲ್ಲದೆ ಅವನು ಕೇಳಿದ ಮೊದಲ ಪ್ರಶ್ನೆ ಅದು.

"ಮೂರು ಸಲ ಕೇಳು" ಎಂದ ಹಗ್ಗದವನು.

ರಬ್ಬಿ ಶೆಮಾಯ ಅಷ್ಟಕ್ಕೆ ನಿಲ್ಲಿಸಿ, ಮತ್ತೆ ಮಂಡಿಯ ಮೇಲೆ ಕೈಯಾಡಿಸಿಕೊಂಡರು. ನಫ್ತಾಲಿ ಆ ಮಂಡಿಯನ್ನು ನೋಡಿದ, ಅವರ ಮುಖವನ್ನು ನೋಡಿದ. ಆ ವಿದ್ಯಾರ್ಥಿ ಯಾರೆಂದು ಕೇಳಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದುದು ಬೇರೆ. ಅದು ತಿಳಿಯದೆ ಇಲ್ಲಿಂದ ಏಳಲಾರೆ ಅನ್ನಿಸಿತು. ಯಾಕೆ ಅಷ್ಟು ಬೇಕೆಂಬುದು ಅವನಿಗೇ ತಿಳಿಯಲಿಲ್ಲ.

"ಮೂರು ಸಲ ಕೇಳಿದ ಮೇಲೆ ಅವನು ಕ್ಷಮಿಸಿದನೇ, ರಬ್ಬಿಗಳೇ?"

ರಬ್ಬಿ ಶೆಮಾಯ ಗೋಡೆ ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿ, ನಿಧಾನವಾಗಿ ನಫ್ತಾಲಿಯ ಮುಂದೆ ಎದ್ದು ನಿಂತರು.

"ನೀನು ಬಂದಾಗಿನಿಂದ ಬಾಗಿಲು ತೆರೆದೇ ಇದೆ. ಆ ಪ್ರಶ್ನೆಯನ್ನು ಹೋಗಿ ಮೆಟ್ಟಿಲ ಮೇಲಿರುವ ಹಾನೋಕನನ್ನು ಕೇಳು."